ಮಕ್ಕಳ ತಟ್ಟೆ ಬಾಕಿ ಕೇಳೋರು ಯಾರು?

ಪುಷ್ಯ ಮಳೆ ಈ ಸಲ ನಮ್ಮ ಕೊರಟಗೆರೆ ಕಡೆ ಕೈ ಕೊಡಲಿಲ್ಲ. ಗುರುವಾರ ರಾತ್ರಿ ಒಂದು ಹದ, ನಿನ್ನೆ ಶನಿವಾರ ಸಂಜೆ ಇನ್ನೊಂದು ಹದ ಆಯ್ತು. ನಾಳೆ ನಾಡಿದ್ದರಲ್ಲಿ ರಾಗಿ ಕೂರಿಗೆ ಕಟ್ಟಬೇಕು. ಕಡ್ಲೆಕಾಯಿ ಹೂವಿಗೆ ಬಂದಿದೆ, ಸುರುಳಿಪೂಚಿ ಅಲ್ಲಲ್ಲಿ ಕಾಣಿಸ್ತಾ ಇದೆ. ಅದರ ಬಗ್ಗೆ ಬರೀತೀನಿ ಅಂತ ಹೋದ ವಾರ ಹೇಳಿದ್ದೆ, ಮುಂದಿನ ವಾರ ಖಂಡಿತ ಬರೀತೀನಿ. ಇವತ್ತು ಬೇರೆ ವಿಷಯ. ಉದ್ದ ಆಗುತ್ತೆ. ನಿಮ್ಮಲ್ಲಿ ಕೆಲವರಿಗೆ ಕೋಪಾನೂ ಬರಬಹುದು. ಬರಲಿ, ನನ್ನ ಮೇಲೇ ನನಗೆ ಕೋಪ ಬಂದಿದೆ.

ಎರಡು ವಾರದ ಕೆಳಗೆ ಕಡ್ಲೆಕಾಯಿ ಹೊಲದಲ್ಲಿ ಕಳೆ ತೆಗೆಸಿದೆ. ಆರು ಜನ ಹೆಣ್ಣಾಳು ಬಂದಿದ್ದರು. ಅವರಲ್ಲಿ ಒಬ್ಬಳು ತನ್ನ ಮಗಳನ್ನೂ ಕರ್ಕೊಂಡು ಬಂದಿದ್ದಳು. ಹುಡುಗಿ ನಮ್ಮೂರ ಸರ್ಕಾರಿ ಶಾಲೇಲಿ ಏಳನೇ ಕ್ಲಾಸು. ಏಳನೇ ಕ್ಲಾಸು ಅಂತ ಹೆಸರಿಗೆ. ಐದನೇ ಕ್ಲಾಸಲ್ಲಿ ಇದ್ದಾಗ ಶಾಲೆ ಬಾಗಿಲು ಹಾಕಿದ್ದು, ಆರು ಹೇಗೆ ಮುಗೀತು ಅಂತ ಅವಳಿಗೇ ಗೊತ್ತಿಲ್ಲ. ಕೈ ಚುರುಕು. ದೊಡ್ಡವರ ಸಾಲಿಗಿಂತ ಒಂದು ಮಾರು ಮುಂದೇ ಇರೋಳು. ನಾನು ಬದುವಿನ ಮೇಲೆ ನಿಂತು ಖುಷಿ ಪಟ್ಟೆ. ಸುಳ್ಳು ಯಾಕೆ ಹೇಳ್ಲಿ? ಸಾಯಂಕಾಲ ದೊಡ್ಡವರಿಗೆ 300 ಕೊಟ್ಟು ಅವಳ ಕೈಗೆ 150 ಇಟ್ಟೆ. ಕೆಲಸ ಅವರಷ್ಟೇ ಮಾಡಿದ್ದಳು, ಕೂಲಿ ಮಾತ್ರ ಮಕ್ಕಳ ಲೆಕ್ಕ.

ಆವತ್ತು ಮಧ್ಯಾಹ್ನ ಹುಣಸೆ ಮರದ ಕೆಳಗೆ ಎಲ್ಲಾ ಬುತ್ತಿ ಬಿಚ್ಚಿದರು. ತಾಯಿ ಮಗಳಿಬ್ಬರ ನಡುವೆ ಒಂದೇ ಡಬ್ಬಿ. ಮುದ್ದೆ, ಹಸಿಮೆಣಸಿನಕಾಯಿ ಉಪ್ಪು ಅರೆದ ಕಾರ. ನಮ್ಮನೆಯವಳು ಹುರುಳಿಕಾಳು ಸಾರು ತಂದಿದ್ದಳು, ಹುಡುಗಿಗೆ ಹಾಕಿದಳು. ಎರಡನೇ ಸಲ ಹಾಕಿಸ್ಕೊಂಡಳು, ಮೂರನೇ ಸಲಾನೂ ಹಾಕಿಸ್ಕೊಂಡಳು. ಆಮೇಲೆ ಕೇಳಿದಳಂತೆ, "ಅಜ್ಜಿ, ಇಸ್ಕೂಲು ಯಾವಾಗ ತೆಗೀತಾರೆ?" ಇವಳು ಓದೋ ಆಸೆ ಇರಬೇಕು ಅಂದ್ಕೊಂಡು, "ಓದ್ಬೇಕು ಅನ್ಸುತ್ತೇನವ್ವಾ?" ಅಂದರೆ, "ಓದೋದೂ ಅನ್ಸುತ್ತೆ. ಅಲ್ಲಿ ಸಾರು ತಿರುಗಾ ಹಾಕ್ತಾರೆ" ಅಂದಳಂತೆ.

ರಾತ್ರಿ ನಮ್ಮನೆಯವಳು ಇದನ್ನ ನನಗೆ ಹೇಳಿದಳು. ನಾನು ಸುಮ್ಮನೆ ಮಲಗಿದೆ. ನಿದ್ದೆ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಡೈರಿ ಹತ್ತಿರ ಹಾಲು ಅಳೆಸಿ ನಿಂತಿದ್ದಾಗ ಈ ಮಾತು ತೆಗೆದೆ. ಅಲ್ಲಿದ್ದವರು ಎಲ್ಲಾ ನನ್ನ ಹಾಗೆ ಎರಡು ಎಕರೆ ಮೂರು ಎಕರೆಯವರೇ. ಒಬ್ಬ ಅಂದ, "ಬಿಡಣ್ಣ, ಮನೇಲಿ ಅನ್ನ ಇಲ್ವಾ? ತಿಂಗಳಿಗೆ ಆಳಿಗೆ ಐದು ಕೆಜಿ ಬಿಟ್ಟಿ ಅಕ್ಕಿ ಬೇರೆ ಬರ್ತಾ ಇದೆ." ಇನ್ನೊಬ್ಬ, "ಬಿಟ್ಟಿ ಅಕ್ಕಿ ಕೊಟ್ಟೇ ನಮಗೆ ಆಳು ಸಿಗದ ಹಾಗೆ ಮಾಡಿದ್ದು" ಅಂದ. ಮೂರನೆಯವನು ನನ್ನ ಕ್ಲಾಸ್‌ಮೇಟು, ಅವನಂತೂ, "ಶಾಲೇಲಿ ಉಣ್ಣೋದು ಇಲ್ಲದೋರ ಮಕ್ಕಳು, ನಮಗ್ಯಾಕೆ ಆ ಉಸಾಬರಿ" ಅಂತ ಕ್ಯಾನು ಎತ್ಕೊಂಡು ಹೊರಟೇಬಿಟ್ಟ.

ಅವನಿಗೆ ಮೊದಲು ಹೇಳ್ತೀನಿ. ಅಣ್ಣಾ, ನಾವಿಬ್ಬರೂ ಒಂದೇ ಸಾಲಲ್ಲಿ ಕೂತು ಹಳದಿ ಹಿಟ್ಟಿನ ಉಪ್ಪಿಟ್ಟು ತಿಂದಿದ್ದು ಮರೆತುಹೋಯ್ತಾ? ಮುತ್ತುಗದ ಎಲೆ ಮನೆಯಿಂದ ಹಿಡ್ಕೊಂಡು ಹೋಗ್ತಿದ್ದೆವು. ತಳ ಹಿಡಿದ ಸೀಕು ಯಾರಿಗೆ ಅಂತ ಜಗಳ ಆಡ್ತಿದ್ದೆವು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದರಲ್ಲಿ ಆ ಉಪ್ಪಿಟ್ಟಿನ ಪಾಲೂ ಇದೆ, ಹೇಳ್ಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ. ನಿನಗೂ ಬೇಡ.

ಇನ್ನು ಉಳಿದ ಎರಡು ಮಾತು. ಮೊದಲಿಗೆ, ಈ ಊಟ ಯಾರೋ ಪುಣ್ಯಾತ್ಮರು ಹಾಕೋ ದಾಸೋಹ ಅಂತ ನಾವೆಲ್ಲ ತಿಳ್ಕೊಂಡಿದ್ದೀವಿ. ಹೆಸರೂ ಅಕ್ಷರ ದಾಸೋಹ, ಅದಕ್ಕೇ ಹಾಗೆ ಅನ್ಸೋದು. ನಾನೂ ಹಾಗೇ ಅಂದ್ಕೊಂಡಿದ್ದೆ. ಮೊನ್ನೆ ಮಗಳು ಊರಿಗೆ ಬಂದಿದ್ದಳು, ಮೊಬೈಲಲ್ಲಿ ಕಾಯ್ದೆ ತೆಗೆದು ಒಂದೊಂದೇ ಸಾಲು ಓದಿ ಹೇಳಿದಳು. ಕೇಳ್ತಾ ಕೇಳ್ತಾ ನನಗೆ ಡೈರಿ ಪಾಸ್‌ಬುಕ್ಕು ನೆನಪಿಗೆ ಬಂತು. ಇದು ದಾನ ಅಲ್ಲ ಸ್ವಾಮಿ, ಇದು ಬಾಕಿ. ಕೊಡಬೇಕಾದ್ದು, ಇಷ್ಟು ಅಂತ ಗ್ರಾಂ ಲೆಕ್ಕ ಪೈಸೆ ಲೆಕ್ಕ ಬರೆದಿಟ್ಟದ್ದು.

ಇದರ ಹಿಂದಿನ ಕತೆ ಸ್ವಲ್ಪ ಹೇಳ್ತೀನಿ. 1995ರಲ್ಲಿ ದೆಹಲಿ ಸರ್ಕಾರ ಶಾಲೆ ಮಕ್ಕಳಿಗೆ ಆಹಾರ ಕೊಡೋ ಯೋಜನೆ ಮಾಡಿತು. ಆದರೆ ಸುಮಾರು ರಾಜ್ಯಗಳಲ್ಲಿ ಅಡುಗೆ ಮಾಡಿ ಬಡಿಸಲಿಲ್ಲ, ಹಾಜರಿ ನೋಡಿ ತಿಂಗಳಿಗೆ 3 ಕೆಜಿ ಧಾನ್ಯ ಅಳೆದು ಕಳಿಸೋರು. 2001ರಲ್ಲಿ ರಾಜಸ್ಥಾನದಲ್ಲಿ ಬರ. ಜೈಪುರದ ಹತ್ತಿರ ಸರ್ಕಾರದ ಗೋಡೌನು ತುಂಬಿ ಧಾನ್ಯ ಹಾಳಾಗ್ತಾ ಇದೆ, ಸುತ್ತಲ ಹಳ್ಳಿಯಲ್ಲಿ ಜನ ಹಸ್ಕೊಂಡಿದ್ದಾರೆ. ಪಿಯುಸಿಎಲ್ ಅನ್ನೋ ಸಂಘದವರು ಇದನ್ನ ಹಿಡ್ಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷ ನವೆಂಬರ್ 28ಕ್ಕೆ ಕೋರ್ಟು ಹೇಳಿತು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟವನ್ನೇ ಕೊಡಬೇಕು, ವರ್ಷಕ್ಕೆ ಕಡಿಮೆ ಅಂದ್ರೂ 200 ದಿನ. ನಮ್ಮ ರಾಜ್ಯದಲ್ಲಿ 2002ರಲ್ಲಿ ಕಲಬುರಗಿ ರಾಯಚೂರು ಆ ಕಡೆ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂದಾಗ ಈ ಊಟ ಮಗುವಿನ ಹಕ್ಕು ಅಂತ ಕಾಯ್ದೆಯಲ್ಲೇ ಸೇರಿತು. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 450 ಕ್ಯಾಲೊರಿ 12 ಗ್ರಾಂ ಪ್ರೋಟೀನು, ಆರರಿಂದ ಎಂಟಕ್ಕೆ 700 ಕ್ಯಾಲೊರಿ 20 ಗ್ರಾಂ ಪ್ರೋಟೀನು. ಅಕ್ಕಿ ಲೆಕ್ಕದಲ್ಲಿ 100 ಗ್ರಾಂ ಮತ್ತು 150 ಗ್ರಾಂ.

ಮಗಳು ಓದಿದ್ದರಲ್ಲಿ ನನಗೆ ಮುಖ್ಯ ಅನ್ಸಿದ್ದು ಇದು. 2015ರಲ್ಲಿ ಇದಕ್ಕೆ ನಿಯಮ ಮಾಡಿದ್ದಾರೆ. ಅಕ್ಕಿ ಇಲ್ಲ, ದುಡ್ಡಿಲ್ಲ, ಗ್ಯಾಸಿಲ್ಲ, ಅಡುಗೆಯವರು ಬರಲಿಲ್ಲ, ಇನ್ಯಾವುದೇ ಕಾರಣ ಇರಲಿ, ಶಾಲೆಯ ದಿನ ಊಟ ಕೊಡಲಿಲ್ಲ ಅಂದ್ರೆ ಆ ಮಗುವಿನ ಪಾಲಿನ ಧಾನ್ಯ ಮತ್ತು ಅಡುಗೆ ಖರ್ಚಿನ ದುಡ್ಡು ಎರಡನ್ನೂ ಮುಂದಿನ ತಿಂಗಳು 15ರೊಳಗೆ ರಾಜ್ಯ ಸರ್ಕಾರ ಕೊಡಬೇಕು. 15ನೇ ತಾರೀಕು ಅಂತಲೇ ಬರೆದಿದೆ. ಶಾಲೇನೇ ಮುಚ್ಚಿತ್ತಲ್ಲ, ಅದು ಶಾಲೆಯ ದಿನ ಹೇಗಾಗುತ್ತೆ ಅಂತ ಯಾರಾದರೂ ಬುದ್ಧಿವಂತರು ಕೇಳಬಹುದು. ಅದಕ್ಕೂ ಉತ್ತರ ಇದೆ. 2020ರ ಮಾರ್ಚ್ 18ಕ್ಕೆ ಸುಪ್ರೀಂ ಕೋರ್ಟು ಯಾರೂ ಅರ್ಜಿ ಹಾಕದೆ ತಾನಾಗೇ ಈ ವಿಷಯ ಕೈಗೆ ತಗೊಂಡು, ಶಾಲೆ ಮುಚ್ಚಿದರೆ ಮಕ್ಕಳ ಊಟಕ್ಕೆ ಏನು ಮಾಡ್ತೀರಿ ಅಂತ ಎಲ್ಲಾ ರಾಜ್ಯಗಳಿಗೂ ನೋಟಿಸು ಕೊಟ್ಟಿತು. ಎರಡೇ ದಿನಕ್ಕೆ, ಮಾರ್ಚ್ 20ಕ್ಕೆ, ಕೇಂದ್ರದವರೇ ಪತ್ರ ಬರೆದರು: ಶಾಲೆ ಮುಚ್ಚಿರೋವರೆಗೂ ಬಿಸಿಯೂಟ ಕೊಡಿ, ಇಲ್ಲಾಂದ್ರೆ ಅದರ ಬದಲಿಗೆ ಭತ್ಯೆ ಕೊಡಿ. ಕೇರಳದವರು ಅಷ್ಟರಲ್ಲಿ ಮನೆಗೇ ತಲುಪಿಸೋ ಏರ್ಪಾಡು ಮಾಡಿದ್ದರು.

ಈಗ ನಮ್ಮೂರಲ್ಲಿ ಏನಾಯ್ತು? ಏನೂ ಕೊಡಲಿಲ್ಲ ಅಂತ ನಾನು ಹೇಳಲ್ಲ, ಹೇಳಿದರೆ ಸುಳ್ಳಾಗುತ್ತೆ. ಮೊದಮೊದಲು ಮೇಷ್ಟ್ರುಗಳು ಮಾಸ್ಕು ಹಾಕ್ಕೊಂಡು ಮನೆ ಮನೆಗೆ ಅಕ್ಕಿ ಬೇಳೆ ತಂದು ಕೊಟ್ಟರು, ಅವರಿಗೆ ಕೈ ಮುಗೀಬೇಕು. ಆಮೇಲೆ ಜೂನಿಂದ ನಿಂತುಹೋಯ್ತು. ಜುಲೈ ಆಯ್ತು, ಗೌರಿ ಹಬ್ಬ ಆಯ್ತು, ದಸರಾ ಆಯ್ತು, ದೀಪಾವಳೀನೂ ಆಯ್ತು. ಮಳೆಗಾಲದ ಪಾಲು ಚಳಿಗಾಲದಲ್ಲಿ ಬಂತು. 15ನೇ ತಾರೀಕು ಅಂದ್ರೆ ಯಾವ ತಿಂಗಳ 15 ಅಂತ ಕೇಳೋ ಹಾಗಾಯ್ತು. ಚೀಲದಲ್ಲಿ ಅಕ್ಕಿ, ಗೋಧಿ, ಸ್ವಲ್ಪ ತೊಗರಿಬೇಳೆ. ತರಕಾರಿ ದುಡ್ಡು, ಎಣ್ಣೆ ದುಡ್ಡು, ಹಾಲು ಏನಾಯ್ತು ಅಂತ ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದ ನಾವು ಬೋರಿಗೆ ಕರೆಂಟು ಯಾವಾಗ ಅಂತ ಕೇಳ್ತಾ ಇದ್ದೆವು.

ಪೆನ್ನು ಪೇಪರು ತಗೊಳ್ಳಿ. ನಾವು ಲೆಕ್ಕದಲ್ಲಿ ಹುಷಾರಾಗಿರೋರು. ಹಾಲಿನ ಬಿಲ್ಲಲ್ಲಿ ಫ್ಯಾಟು ಒಂದು ಪಾಯಿಂಟು ಕಡಿಮೆ ತೋರಿಸಿದರೆ ಸೆಕ್ರೆಟರಿ ಜೊತೆ ಅರ್ಧ ಗಂಟೆ ಜಗಳ ಆಡ್ತೀವಿ. 2020ರ ಏಪ್ರಿಲಿಂದ ಅಡುಗೆ ಖರ್ಚು ಒಂದು ಮಗುವಿಗೆ ದಿನಕ್ಕೆ 4 ರೂಪಾಯಿ 97 ಪೈಸೆ, ಆರರಿಂದ ಎಂಟನೇ ಕ್ಲಾಸಿಗೆ 7 ರೂಪಾಯಿ 45 ಪೈಸೆ ಇತ್ತು. ಬೇಳೆ, ತರಕಾರಿ, ಎಣ್ಣೆ, ಗ್ಯಾಸು ಎಲ್ಲಾ ಅದರಲ್ಲೇ. (ಅಷ್ಟರಲ್ಲಿ ಒಂದು ಟೀ ಬರಲ್ಲ, ಅದು ಬೇರೆ ಮಾತು.) ನನ್ನ ಹೊಲಕ್ಕೆ ಬಂದಿದ್ದ ಆ ಹುಡುಗಿ 2020-21ರಲ್ಲಿ ಆರನೇ ಕ್ಲಾಸು. 200 ದಿನಕ್ಕೆ ಅವಳ ಪಾಲು 30 ಕೆಜಿ ಧಾನ್ಯ, 1,490 ರೂಪಾಯಿ. ಕೊಟ್ಟ ಬೇಳೆಯ ಬೆಲೆ ಅದರಲ್ಲಿ ಕಳೀರಿ, ನ್ಯಾಯವಾಗಿ ಕಳೀರಿ. ಉಳಿದದ್ದು ಎಲ್ಲಿದೆ?

2021ರ ಮೇ 28ಕ್ಕೆ ದೆಹಲಿಯಿಂದ ಘೋಷಣೆ ಬಂತು. ದೇಶದ 11 ಕೋಟಿ 80 ಲಕ್ಷ ಮಕ್ಕಳಿಗೆ ಅಡುಗೆ ಖರ್ಚಿನ ದುಡ್ಡನ್ನ ಒಂದು ಸಲಕ್ಕೆ ಖಾತೆಗೆ ಹಾಕ್ತೀವಿ, ಅದಕ್ಕೆ ಸುಮಾರು 1,200 ಕೋಟಿ. ಟಿವಿಯಲ್ಲಿ ಕೋಟಿ ಕೋಟಿ ಅಂದಾಗ ನಾನೂ ಬಾಯಿ ಬಿಟ್ಕೊಂಡು ನೋಡಿದೆ. ಭಾಗಿಸಿ ನೋಡಿ. ಒಂದು ಮಗುವಿಗೆ ನೂರು ರೂಪಾಯಿ ಆಸುಪಾಸು. ಚಿಕ್ಕ ಮಕ್ಕಳಿಗೆ ಇಪ್ಪತ್ತು ದಿನದ್ದು, ಆ ಹುಡುಗಿಗೆ ಹದಿಮೂರು ದಿನದ್ದು. 2021ರ ಜುಲೈ ಮುಗಿಯೋ ಹೊತ್ತಿಗೆ ಶಾಲೆ ಮುಚ್ಚಿ ಹದಿನಾರು ತಿಂಗಳು ದಾಟಿತ್ತು. ಆ ನೂರು ರೂಪಾಯಿ ತಗೊಳ್ಳೋಕೆ ಮಗುವಿನ ಹೆಸರಲ್ಲಿ ಖಾತೆ ಬೇಕಿತ್ತು, ಆಧಾರ್ ಜೋಡಿಸಬೇಕಿತ್ತು, ಬ್ಯಾಂಕಿಗೆ ಹೋಗೋಕೆ ತಾಯಿ ಒಂದು ದಿನದ ಕೂಲಿ ಬಿಡಬೇಕಿತ್ತು. 300 ಕಳ್ಕೊಂಡು 100 ತಗೊಳ್ಳೋ ವ್ಯವಹಾರ. ನಮಗೆ ಯಾರಾದರೂ ಇಂಥ ವ್ಯವಹಾರ ತಂದರೆ ಮಂಡಿಯಿಂದಲೇ ಓಡಿಸ್ತೀವಿ.

ಧಾನ್ಯ ಇರಲಿಲ್ಲವಾ ಅಂದ್ರೆ, 2020ರ ಏಪ್ರಿಲಲ್ಲಿ ಸರ್ಕಾರದ ಗೋಡೌನುಗಳಲ್ಲಿ ಅಕ್ಕಿ ಗೋಧಿ ಸೇರಿ 5 ಕೋಟಿ ಟನ್ನಿಗೂ ಜಾಸ್ತಿ ಇತ್ತು. ಆ ಹೊತ್ತಿಗೆ ಇರಬೇಕು ಅಂತ ಅವರೇ ಇಟ್ಕೊಂಡಿರೋ ಲೆಕ್ಕ 2 ಕೋಟಿ 10 ಲಕ್ಷ ಟನ್ನು. ಅದೇ ಏಪ್ರಿಲ್ 20ಕ್ಕೆ ಏನು ತೀರ್ಮಾನ ಆಯ್ತು ಗೊತ್ತಾ? ಹೆಚ್ಚಾಗಿರೋ ಅಕ್ಕಿಯಿಂದ ಎಥನಾಲ್ ತೆಗೆದು ಸ್ಯಾನಿಟೈಸರಿಗೆ, ಪೆಟ್ರೋಲಿಗೆ ಬೆರೆಸೋದಕ್ಕೆ ಬಳಸಬಹುದು ಅಂತ. ಭತ್ತ ಬೆಳೆಯೋ ಅಣ್ಣತಮ್ಮಂದಿರೇ, ನೀವು ಬೆಳೆದದ್ದು ಅದಕ್ಕಾ?

ತರಕಾರಿ ಮಾತು ಎತ್ತೋದೇ ಬೇಡ, ಎತ್ತಿದರೆ ನನಗೇ ನೋವು. 2020ರ ಏಪ್ರಿಲಲ್ಲಿ ಅರ್ಧ ಎಕರೆ ಟೊಮೆಟೊ ಹಣ್ಣಾಗಿ ನಿಂತಿತ್ತು. ಮಾರ್ಕೆಟ್ಟಿಗೆ ಹಾಕಿದರೆ ಆಟೋ ಬಾಡಿಗೆ ಹುಟ್ಟಲಿಲ್ಲ. ಎರಡು ಸಲ ತಗೊಂಡು ಹೋದೆ, ಮೂರನೇ ಸಲ ಹೋಗಲಿಲ್ಲ, ಗಿಡದಲ್ಲೇ ಬಿಟ್ಟು ಆಮೇಲೆ ರೋಟವೇಟರ್ ಹೊಡೆಸಿದೆ. ನಮ್ಮ ಪಕ್ಕದ ಹೊಲದವರು ಎಲೆಕೋಸನ್ನ ದನಕ್ಕೆ ಹಾಕಿದರು. ನಿಮ್ಮಲ್ಲೂ ಎಷ್ಟು ಜನ ಹೀಗೆ ಮಾಡಿದ್ರಿ, ನೆನೆಸ್ಕೊಳ್ಳಿ. ನನ್ನ ಟೊಮೆಟೊ ಹೊಲದಿಂದ ಶಾಲೆಯ ಅಡುಗೆ ಕೋಣೆಗೆ ಎಷ್ಟು ದೂರ? ನಡೆದರೆ ಹತ್ತು ನಿಮಿಷ. ಅಲ್ಲಿ ದೊಡ್ಡ ಪಾತ್ರೆ ಇದೆ, ಒಲೆ ಇದೆ, ಅಡುಗೆ ಮಾಡೋ ಮೂರು ಜನ ಹೆಣ್ಣುಮಕ್ಕಳು ಊರಲ್ಲೇ ಇದ್ದಾರೆ. ದಿನಕ್ಕೆ ಐದು ಕೆಜಿ ಟೊಮೆಟೊ ಸಾಕಾಗಿತ್ತು, ಬಿಟ್ಟಿಯಾಗಿ ಕೊಡ್ತಿದ್ದೆ. ಒಂದು ಕಡೆ ಹಣ್ಣು ಮಣ್ಣಾಯ್ತು, ಇನ್ನೊಂದು ಕಡೆ ಮಕ್ಕಳು ಕಾರ ನೆಂಚಿಕೊಂಡು ಮುದ್ದೆ ನುಂಗಿದರು. ನಡುವೆ ಒಂದು ಬೀಗ. ಆ ಬೀಗ ತೆಗೀರಿ ಅಂತ ನಾನು ಹೋಗಿ ಕೇಳಲಿಲ್ಲ. ಕೊಡ್ತಿದ್ದೆ ಅಂತ ಈಗ ಬರೆಯೋದು ಸುಲಭ.

ಆದರೆ ನಮ್ಮ ನಷ್ಟ ಕೇಳೋಕೆ ಮಾತ್ರ ನಾವು ಮರೀಲಿಲ್ಲ. ಕೂಗು ಹಾಕಿದೆವು, ಸಂಘದವರು ಹೋದರು, ಎಮ್ಮೆಲ್ಲೆ ಮನೆ ಮುಂದೆ ನಿಂತರು. 2020ರ ಮೇ ತಿಂಗಳಲ್ಲಿ ಹೂವಿನವರಿಗೆ ಹೆಕ್ಟೇರಿಗೆ 25 ಸಾವಿರ, ತರಕಾರಿ ಹಣ್ಣಿನವರಿಗೆ 15 ಸಾವಿರ ಪರಿಹಾರ ಅಂತ ಆಯ್ತು. ನಾನೂ ಅರ್ಜಿ ಹಾಕಿದೆ. ತಪ್ಪಲ್ಲ, ನಷ್ಟ ಆಗಿತ್ತು. ಹೇಳೋದು ಇಷ್ಟೇ, ಕೇಳಿದವರಿಗೆ ಸಿಕ್ಕಿತು. ಮಕ್ಕಳಿಗೆ ಸಂಘ ಇಲ್ಲ, ಓಟಿಲ್ಲ, ಟ್ರ್ಯಾಕ್ಟರ್ ತಂದು ರಸ್ತೆಗೆ ಅಡ್ಡ ನಿಲ್ಲಿಸೋಕೆ ಬರಲ್ಲ.

ಸೋಂಕು ಹರಡುತ್ತೆ ಅಂತ ಅಡುಗೆ ನಿಲ್ಲಿಸಿದ್ದು ಅಂತೀರಿ. ಮೊದಲ ಎರಡು ತಿಂಗಳು ಒಪ್ಪಿದೆ, ಯಾರಿಗೂ ಏನೂ ಗೊತ್ತಿರಲಿಲ್ಲ. 2021ರ ಎರಡನೇ ಅಲೆಯಲ್ಲಿ ನಮ್ಮೂರಲ್ಲೇ ಸಾವು ನೋಡಿದ್ದೀವಿ, ಹಗುರವಾಗಿ ಮಾತಾಡೋಕೆ ನನಗೂ ಮನಸ್ಸಿಲ್ಲ. ಆದರೆ ಮದ್ಯದಂಗಡಿ 2020ರ ಮೇ 4ಕ್ಕೇ ತೆರೆದರಲ್ಲ, ಆ ಸಾಲಲ್ಲಿ ಎಷ್ಟು ಅಂತರ ಇತ್ತು? ಡಿಸೆಂಬರಲ್ಲಿ ಪಂಚಾಯ್ತಿ ಎಲೆಕ್ಷನ್ ಮಾಡಿದರಲ್ಲ, ಮತಗಟ್ಟೆ ಎಲ್ಲಿತ್ತು? ಅದೇ ಶಾಲೆಯ ಕೋಣೆಯಲ್ಲಿ. ಇಡೀ ಊರು ಸಾಲಾಗಿ ಹೋಗಿ ಬೆರಳಿಗೆ ಶಾಯಿ ಹಾಕಿಸ್ಕೊಂಡು ಬಂದೆವು. ಎಲೆಕ್ಷನ್ ಹಿಂದಿನ ವಾರ ತೋಟದ ಮನೆಗಳಲ್ಲಿ ಬಾಡೂಟ ಬೆಂದದ್ದು ನಾನು ಹೇಳಬೇಕಾಗಿಲ್ಲ, ಉಂಡವರು ನೀವೇ ಇದ್ದೀರಿ. ನೂರು ಜನಕ್ಕೆ ಬಾಡು ಬೇಯಿಸಿದರೆ ಬರದ ಕೊರೊನಾ, ನಲವತ್ತು ಮಕ್ಕಳಿಗೆ ಸಾರು ಕುದಿಸಿದರೆ ಬಂದುಬಿಡುತ್ತಾ?

2020ರ ಆಗಸ್ಟಲ್ಲಿ ವಿದ್ಯಾಗಮ ಅಂತ ಶುರು ಮಾಡಿ ಅರಳಿಕಟ್ಟೆ ಮೇಲೆ, ದೇವಸ್ಥಾನದ ಅಂಗಳದಲ್ಲಿ ಪಾಠ ಹೇಳಿದರು. ಮಕ್ಕಳು ಬಂದರು, ಮೇಷ್ಟ್ರು ಬಂದರು, ಊಟ ಮಾತ್ರ ಬರಲಿಲ್ಲ. 2021ರ ಫೆಬ್ರವರಿಯಲ್ಲಿ ಆರನೇ ಕ್ಲಾಸಿಂದ ಮೇಲಕ್ಕೆ ಶಾಲೆ ತೆರೆದಾಗಲೂ ನಮ್ಮೂರ ಶಾಲೆಯ ಒಲೆ ಹಚ್ಚಲಿಲ್ಲ. ಅಡುಗೆಯ ಹೆಣ್ಣುಮಕ್ಕಳ ಕತೆ ಇನ್ನೊಂದು. 2021ರಲ್ಲಿ ತಿಂಗಳಿಗೆ 2,700, ಸಹಾಯಕಿಯರಿಗೆ 2,600 ಇತ್ತು, ಅದಕ್ಕೆ ಸಂಬಳ ಅನ್ನೋ ಹೆಸರೂ ಇಲ್ಲ, ಗೌರವಧನ. ಅದೂ ನಡುವೆ ಕೆಲವು ತಿಂಗಳು ನಿಂತಿತ್ತು ಅಂತ ನಮ್ಮೂರ ಅಡುಗೆಯಮ್ಮ ಹೇಳ್ತಾರೆ. ಅವರೂ ಈಗ ನಮ್ಮ ಹೊಲಕ್ಕೇ ಕಳೆ ಕೀಳೋಕೆ ಬರ್ತಾರೆ.

ಬಿಟ್ಟಿ ಅಕ್ಕಿ ಮಾತಿಗೆ ಬರ್ತೀನಿ. ರೇಷನ್ ಅಕ್ಕಿ ಬಂತು, ನಿಜ, ಅದಿಲ್ಲದೆ ಇದ್ದಿದ್ದರೆ ಏನಾಗ್ತಿತ್ತೋ. ಆದರೆ ಮನೆಗೆ ಬಂದ ಅಕ್ಕಿ ಮನೆಯದ್ದು. ಆರು ಜನ ಉಣ್ಣೋ ಮನೆಯಲ್ಲಿ ಮಗುವಿನ ಪಾಲು ಎಷ್ಟು ಅಂತ ಯಾರೂ ಅಳೆಯಲ್ಲ. ದುಡಿದು ಬಂದ ಗಂಡಸಿಗೆ ಮೊದಲು, ಗಂಡುಮಕ್ಕಳಿಗೆ ಆಮೇಲೆ, ಹೆಣ್ಣುಮಗಳು ತಾಯಿ ಜೊತೆ ಕೊನೆಗೆ. ನಮ್ಮನೆಗಳಲ್ಲೂ ಹೀಗೇ ನಡೆಯೋದು, ಇಲ್ಲ ಅನ್ನಬೇಡಿ. ಶಾಲೆಯ ತಟ್ಟೆ ಮಾತ್ರ ಆ ಮಗುವಿನದ್ದೇ, ಯಾರೂ ಅದಕ್ಕೆ ಕೈ ಹಾಕೋ ಹಾಗಿಲ್ಲ. ಅಕ್ಕಿ ಅಂಗಡಿಗೆ ಮಾರ್ಕೋತಾರೆ ಅಂತ ಆಡ್ಕೊಳ್ತೀವಿ. ಮಾರಿದ ದುಡ್ಡಲ್ಲಿ ಏನು ತಂದರು ಕೇಳಿದ್ದೀರಾ? ಎಣ್ಣೆ, ಬೇಳೆ. ಎಲ್ಲಾ ಕಡೆ ಅಂತ ಹೇಳಲ್ಲ, ಕುಡಿಯೋರೂ ಇದ್ದಾರೆ. ಆದರೆ ಬೇಯಿಸಿದ ಸಾರನ್ನ ಯಾವ ಅಂಗಡಿಗೂ ಮಾರೋಕೆ ಆಗಲ್ಲ ನೋಡಿ. 2001ರಲ್ಲಿ ಕೋರ್ಟು ಬೇಯಿಸಿದ ಊಟಾನೇ ಕೊಡಿ ಅಂದಿದ್ದು ಯಾಕೆ ಅಂತ ನನಗೆ ಈಗ ಅರ್ಥ ಆಗ್ತಾ ಇದೆ. ಶಾಲೆ ಮುಚ್ಚಿದ್ದಾಗ ಮತ್ತೆ ಆ ಹಳೇ 3 ಕೆಜಿ ಕಾಲಕ್ಕೇ ಬಂದು ನಿಂತೆವು.

ಆಳು ಸಿಗಲ್ಲ ಅನ್ನೋ ತಮ್ಮನಿಗೆ ಒಂದು ಮಾತು. ಹೌದಪ್ಪ, ನನಗೂ ಸಿಗಲ್ಲ. ಅದಕ್ಕೇ ನಾನು ಹನ್ನೆರಡು ವರ್ಷದ ಹುಡುಗಿಗೆ 150 ಕೊಟ್ಟು ದುಡಿಸ್ಕೊಂಡೆ. ಶಾಲೆ ಮುಚ್ಚಿದ್ದರಿಂದ, ಊಟ ನಿಂತಿದ್ದರಿಂದ ಯಾರಿಗೆ ಲಾಭ ಆಯ್ತು ಅಂತ ಕೇಳಿದರೆ ಮೊದಲು ಕೈ ಎತ್ತಬೇಕಾದವನು ನಾನೇ. ಆ ಮಕ್ಕಳ ಹಸಿವಿನಿಂದ ನಮ್ಮ ಕಳೆ ಕಡಿಮೆ ರೇಟಿಗೆ ಹೋಯ್ತು. ನಿನ್ನ ಹೊಲದಲ್ಲೂ ಮೂರು ಜನ ಮಕ್ಕಳು ಹೂ ಬಿಡಿಸ್ತಾ ಇದ್ದದ್ದು ನಾನು ನೋಡಿದ್ದೀನಿ.

ಇದು ಇಲ್ಲದೋರ ವಿಷಯ, ರೈತರ ವಿಷಯ ಅಲ್ಲ ಅಂತೀರಾ? ಹಾಲಿನ ಲೆಕ್ಕ ನೋಡಿ. 2013ರ ಆಗಸ್ಟಿಂದ ಕ್ಷೀರಭಾಗ್ಯ ಇದೆ. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಎಂಎಲ್ ಹಾಲು. ಮೊದಲು ವಾರಕ್ಕೆ ಮೂರು ದಿನ ಇತ್ತು, ಆಮೇಲೆ ಐದು ದಿನ ಆಯ್ತು. ಶಾಲೆ ಅಂಗನವಾಡಿ ಎರಡೂ ಸೇರಿ ರಾಜ್ಯದಲ್ಲಿ ಸುಮಾರು ಒಂದು ಕೋಟಿ ಮಕ್ಕಳು. ಗುಣಿಸಿ, ದಿನಕ್ಕೆ 15 ಲಕ್ಷ ಲೀಟರ್ ಹಾಲು. ನಾವು ಕರೆದ ಹಾಲೇ ಅದು. ಶಾಲೆ ಮುಚ್ಚಿತು, ಹೋಟೆಲ್ ಮುಚ್ಚಿತು, ಮದುವೆ ನಿಂತವು, ಪುಡಿ ಗೋಡೌನಲ್ಲಿ ಕೂತಿತು. 2020ರಲ್ಲಿ ಡೈರಿಯಲ್ಲಿ ಲೀಟರಿಗೆ ರೇಟು ಇಳಿಸಿದಾಗ ನಾವು ಬೂಸಾ ರೇಟು ನೋಡಿ ತಲೆ ಮೇಲೆ ಕೈ ಹೊತ್ತು ಕೂತೆವಲ್ಲ, ಆ ಹೊತ್ತಲ್ಲಿ ಒಂದು ಕೋಟಿ ಲೋಟ ಖಾಲಿ ಇತ್ತು. ನಮಗೂ ರೇಟಿಲ್ಲ, ಮಕ್ಕಳಿಗೂ ಹಾಲಿಲ್ಲ. 2021ರಲ್ಲಿ ಪುಡಿ ಪ್ಯಾಕೆಟ್ ಕೊಡೋ ಮಾತು ಬಂತು. ಕೊಡಲಿ, ಒಳ್ಳೇದು.

ರಾಗಿನೂ ಹಾಗೇ. ಬೆಂಬಲ ಬೆಲೆ 3,295ಕ್ಕೆ ಖರೀದಿ ಕೇಂದ್ರದ ಮುಂದೆ ಚೀಲ ಹಾಕ್ಕೊಂಡು ರಾತ್ರಿ ಮಲಗಿದ್ದು ನಾವು. ನಮ್ಮ ಜಿಲ್ಲೆಯ ರಾಗಿ, ಅವರೆಕಾಳು, ಹುರುಳಿಕಾಳು ಇಲ್ಲಿನ ಮಕ್ಕಳ ಚೀಲಕ್ಕೆ ಹಾಕೋಕೆ ಏನು ಅಡ್ಡಿ? ಎಲ್ಲಿಂದಲೋ ಬಂದ ಗೋಧಿ ಹಾಕಿದರು, ನಮ್ಮೂರಲ್ಲಿ ಅರ್ಧ ಜನಕ್ಕೆ ಗೋಧಿ ಏನು ಮಾಡಬೇಕು ಅಂತ ಗೊತ್ತಾಗದೆ ಕೋಳಿಗೆ ಹಾಕಿದರು.

2020ರ ಡಿಸೆಂಬರಲ್ಲಿ ಕೇಂದ್ರದವರ ಕುಟುಂಬ ಆರೋಗ್ಯ ಸರ್ವೆ ಅಂಕಿ ಬಂತು. ಅದರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. 65 ಮಕ್ಕಳಿಗೆ ರಕ್ತ ಕಡಿಮೆ. ಈ ಸರ್ವೆ ಮಾಡಿದ್ದು 2019ರಲ್ಲಿ, ಕೊರೊನಾ ಬರೋಕೆ ಮುಂಚೆ. ಅಂದ್ರೆ ಮೊದಲೇ ಹೀಗಿದ್ದ ಮಕ್ಕಳ ತಟ್ಟೆಯನ್ನ ಹದಿನಾರು ತಿಂಗಳು ಕಿತ್ಕೊಂಡೆವು. ರಾಗಿ ಪೈರು ಇಪ್ಪತ್ತೈದು ದಿನಕ್ಕೆ ಬಂದಾಗ ನಾವೇ ಅದರ ಮೇಲೆ ಕುಂಟೆ ಹೊಡೀತೀವಿ, ಒಂದು ವಾರ ಬಾಡುತ್ತೆ, ಆಮೇಲೆ ತೆಂಡೆ ಒಡೆದು ಮೊದಲಿಗಿಂತ ಚೆನ್ನಾಗಿ ಏಳುತ್ತೆ. ಮಕ್ಕಳು ರಾಗಿ ಅಲ್ಲ. ಎಳೇದರಲ್ಲಿ ತಪ್ಪಿದ ಊಟ ಆಮೇಲೆ ಎಷ್ಟು ಹಾಕಿದರೂ ಅಲ್ಲಿಗೆ ಹೋಗಿ ಕೂರಲ್ಲ.

2021ರ ಜುಲೈ 28, ಬುಧವಾರ, ಆಗಿನ ಹೊಸ ಮುಖ್ಯಮಂತ್ರಿ ಬಂದ ದಿನವೇ ರೈತರ ಮಕ್ಕಳ ಓದಿಗೆ ವಿದ್ಯಾರ್ಥಿವೇತನ ಅಂತ ಘೋಷಿಸಿದರು. ಸಂತೋಷ, ಬರಲಿ. ಆಗ ಅದು ಎಸ್ಸೆಸ್ಸೆಲ್ಸಿ ದಾಟಿದವರಿಗೆ ಅಂತ ಇತ್ತು. ಏಳನೇ ಕ್ಲಾಸಿನ ಹುಡುಗಿ ಕಡ್ಲೆಕಾಯಿ ಹೊಲ ಬಿಟ್ಟು ಅಲ್ಲಿವರೆಗೆ ಹೋಗಬೇಕಲ್ಲ.

ಸುಮ್ಮನೆ ಬರೆದು ಬಿಡೋಕೆ ನಾನು ಕೂತಿಲ್ಲ. ನಾಳೆ ಸೋಮವಾರ ಸಂಜೆ ಆರಕ್ಕೆ, ಹಾಲು ಅಳೆಸಿದ ಮೇಲೆ, ಡೈರಿ ಮುಂದಿನ ಕಟ್ಟೆ ಮೇಲೆ ಕೂರೋಣ. ಮಗಳು ಅರ್ಜಿ ಬರೆದು ಕೊಟ್ಟಿದ್ದಾಳೆ. ಅದರಲ್ಲಿ ಮೂರೇ ವಿಷಯ ಇದೆ. 2020ರ ಜೂನಿಂದ ನಮ್ಮ ಶಾಲೆಗೆ ಯಾವ ತಿಂಗಳ ಪಾಲು ಯಾವ ತಾರೀಕಿಗೆ ಎಷ್ಟು ಬಂತು ಅನ್ನೋ ಲೆಕ್ಕವನ್ನ ಶಾಲೆ ಗೋಡೆ ಮೇಲೆ ಬರೆಸಬೇಕು. ಕೊಡದ ಅಡುಗೆ ಖರ್ಚಿನ ಬಾಕಿ ಕೊಡಬೇಕು. ಶಾಲೆ ತೆರೆಯೋದು ಯಾವಾಗಾದರೂ ಆಗಲಿ, ಒಲೆ ಈಗಲೇ ಹಚ್ಚಬೇಕು, ಮಕ್ಕಳು ತಟ್ಟೆ ತಂದು ದೂರ ದೂರ ಕೂತು ಉಂಡು ಹೋಗಲಿ. ತರಕಾರಿ ನಾವು ಕೊಡೋಣ, ವಾರದಲ್ಲಿ ಒಂದೊಂದು ದಿನ ಒಬ್ಬೊಬ್ಬರು. ನನ್ನದು ಮಂಗಳವಾರ, ಬದನೆಕಾಯಿ ಬಿಡ್ತಾ ಇದೆ. ಶಾಲೆ ಸಮಿತಿಯಲ್ಲಿ ಇರೋರು ಬರಲೇಬೇಕು, ಮಕ್ಕಳನ್ನ ಪ್ರೈವೇಟಿಗೆ ಕಳಿಸೋರೂ ಬನ್ನಿ. ಅರ್ಜಿ ಪಂಚಾಯ್ತಿಗೆ ಒಂದು, ತಾಲ್ಲೂಕು ಅಕ್ಷರ ದಾಸೋಹ ಆಫೀಸಿಗೆ ಒಂದು. ಎರಡೂ ಕಡೆ ಸೀಲು ಹಾಕಿಸ್ಕೊಂಡು ನಕಲು ಇಟ್ಕೊಳ್ಳೋಣ. ಕ್ಯಾನು ಎತ್ಕೊಂಡು ಹೋದ ಕ್ಲಾಸ್‌ಮೇಟೂ ಬಾರಪ್ಪ, ನಿನ್ನ ಸಹಿ ಚೆನ್ನಾಗಿದೆ.

ಆ ಹುಡುಗಿಗೆ ಕೊಡಬೇಕಾಗಿದ್ದ ಇನ್ನೂ 150 ರೂಪಾಯಿನ ನಿನ್ನೆ ಅವಳ ತಾಯಿ ಕೈಗೆ ಕೊಟ್ಟೆ. ರಾಗಿ ಕಳೆಗೆ ಅವಳನ್ನ ಕರ್ಕೊಂಡು ಬರಬೇಡ ಅಂದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬೇರೆಯವರ ಹೊಲಕ್ಕೆ ಕಳಿಸ್ತೀನಿ ಬುಡಿ" ಅಂದಳು.